ನೆರೆ ಇಳಿದ ಮೇಲಿನ ಮನೆ: ಕೃಷ್ಣಾತೀರದ ಐದು ತಾಲ್ಲೂಕುಗಳಿಂದ ಕಲಿಯಬೇಕಾದ ಪಾಠ



ಮನೆಗೆ ನೀರು ಎರಡು ದಾರಿಗಳಿಂದ ಬರುತ್ತದೆ. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ. ಮೇಲಿನಿಂದ ಬರುವ ನೀರಿನ ಪರಿಚಯ ಮಲೆನಾಡಿಗರಿಗೆ ತಲೆಮಾರುಗಳಿಂದ ಇದೆ. ಇಳಿಜಾರು ಹಂಚಿನ ಮಾಡು, ಗೋಡೆಗಿಂತ ಬಹಳ ಮುಂದಕ್ಕೆ ಚಾಚಿದ ಸೂರು, ಗಾಳಿಮಳೆಯ ದಿಕ್ಕಿಗೆ ಕಟ್ಟುವ ಸೋಗೆಯ ತಟ್ಟಿ, ಒಲೆಯ ಹೊಗೆಯಾಡುವ ಅಟ್ಟ ಇವೆಲ್ಲ ಆ ಪರಿಚಯದಿಂದಲೇ ಹುಟ್ಟಿದವು. ಕೆಳಗಿನಿಂದ ಬಂದು ಗೋಡೆಯ ಬುಡವನ್ನು ಹಿಡಿಯುವ ನೀರಿನ ಕಥೆ ಬೇರೆ. ಅದನ್ನು ತಿಳಿಯಬೇಕಾದರೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಮನೆಗಳನ್ನು ನೋಡಬೇಕು.

ಬೆಟ್ಟದ ಮಳೆ, ಬಯಲಿನ ಗೋಡೆ

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ 5,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಸಮೀಪ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ನದಿಗಳನ್ನು ಕೂಡಿಸಿಕೊಂಡು ಆಕೆ ಕರ್ನಾಟಕವನ್ನು ಪ್ರವೇಶಿಸುತ್ತಾಳೆ. ವೇದಗಂಗೆಯನ್ನು ಒಳಗೊಂಡ ದೂಧಗಂಗೆಯು ಚಿಕ್ಕೋಡಿ ತಾಲ್ಲೂಕಿನ ಯಡೂರು, ಕಲ್ಲೋಳಗಳ ಬಳಿ ಬಂದು ಸೇರುತ್ತದೆ. ಈ ಎಲ್ಲ ನದಿಗಳ ಮೂಲ ಸಹ್ಯಾದ್ರಿಯೇ. ಆದರೆ ಅಥಣಿ, ರಾಯಬಾಗಗಳಲ್ಲಿ ಸ್ವಂತವಾಗಿ ಬೀಳುವ ಮಳೆ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಾತ್ರ. ಹೀಗಾಗಿ ಈ ನಾಡಿನ ಮನೆ ಬರಗಾಲಕ್ಕೂ ಬಿಸಿಲಿಗೂ ಒಗ್ಗಿಕೊಂಡು ಬೆಳೆದ ಮನೆ. ದಪ್ಪನೆಯ ಮಣ್ಣಿನ ಗೋಡೆ, ಕೆಸರಿನಲ್ಲಿ ಕಟ್ಟಿದ ಕಲ್ಲು, ಮಣ್ಣು ಹೊದಿಸಿದ ಮಾಳಿಗೆ, ಚಿಕ್ಕ ಕಿಟಕಿ ಇವು ಅದರ ಲಕ್ಷಣಗಳು. ಬೇಸಿಗೆಯಲ್ಲಿ ಇಂತಹ ಮನೆಯ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿಯ ಕಡೆ ಹೋದಂತೆ ಹಂಚಿನ ಮಾಡು ಹೆಚ್ಚುತ್ತದೆ. ಪೂರ್ವಕ್ಕೆ ಸರಿದಂತೆ ಮಾಳಿಗೆ ಮನೆಗಳೂ ತಗಡಿನ ಪತ್ರಾಸುಗಳೂ ಹೆಚ್ಚುತ್ತವೆ.

ತನ್ನ ಮೇಲೆ ಬೀಳದ ಮಳೆಯ ನೀರಿನಲ್ಲಿ ಈ ಮನೆ ಮುಳುಗುತ್ತದೆ ಎಂಬುದೇ ಇಲ್ಲಿಯ ವಿಪರ್ಯಾಸ. 2005ರ ಜುಲೈ-ಆಗಸ್ಟ್, 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಈ ನದಿಗಳು ದಂಡೆ ಮೀರಿದವು. 2019ರಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 57 ಅಡಿಯ ಆಸುಪಾಸಿಗೆ ಏರಿತು. ಅಲ್ಲಿಯ ಅಪಾಯದ ಮಟ್ಟ 45 ಅಡಿ. 2019 ಮತ್ತು 2021 ಎರಡೂ ವರ್ಷಗಳಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಆವರಿಸಿ ಸಂಚಾರವನ್ನು ನಿಲ್ಲಿಸಿತು. ಹೆದ್ದಾರಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನೀರು ಇಳಿದ ಮೇಲೆ ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿದ ಗೋಡೆಗಳ ಸುದ್ದಿ ಅಷ್ಟಾಗಿ ಬರಲಿಲ್ಲ. ಇಂದಿನ ಮಾತು ಆ ಗೋಡೆಗಳನ್ನು ಕುರಿತದ್ದು.

ನೀರು ಇಳಿದ ಮೇಲೆ ಗೋಡೆ ಬೀಳುವುದೇಕೆ?

ನೀರು ಏರುವಾಗ ನಿಂತಿದ್ದ ಮನೆ ನೀರು ಇಳಿದ ಮೇಲೆ ಕುಸಿಯುವುದನ್ನು ಹೊಳೆದಂಡೆಯ ಜನ ಬಲ್ಲರು. ಇದರ ಹಿಂದೆ ಸ್ಪಷ್ಟವಾದ ಕಾರಣಗಳಿವೆ. ನೀರು ತುಂಬಿರುವಾಗ ಗೋಡೆಯ ಎರಡೂ ಬದಿಗಳ ಮೇಲೆ ಒತ್ತಡ ಸರಿಸಮನಾಗಿರುತ್ತದೆ. ಹೊರಗಿನ ನೀರು ಬೇಗ ಇಳಿದು ಒಳಗಿನ ನೀರು ನಿಂತರೆ ಆ ಸಮತೋಲ ತಪ್ಪುತ್ತದೆ. ಅಷ್ಟರಲ್ಲಿ ಗೋಡೆಯ ಬುಡದ ಕೆಸರು ಕರಗಿ ಹೋಗಿರುತ್ತದೆ, ನೀರು ಕುಡಿದ ಮೇಲ್ಭಾಗ ಮೊದಲಿಗಿಂತ ಭಾರವಾಗಿರುತ್ತದೆ. ಅಂದರೆ ಹೊರೆ ಹೆಚ್ಚಿದ ಹೊತ್ತಿನಲ್ಲಿಯೇ ಕಾಲು ಸೋತಿರುತ್ತದೆ. ಆದ್ದರಿಂದ ನೀರು ಇಳಿದ ಮೊದಲ ಕೆಲವು ದಿನಗಳು ಅತ್ಯಂತ ಅಪಾಯದ ದಿನಗಳು. ಬಾಗಿಲು ತೆರೆದು ಸಾಮಾನು ತರಲೆಂದು ಆತುರದಿಂದ ಒಳಹೊಗುವುದು ಜೀವಕ್ಕೆ ಎರವಾಗಬಹುದು. ಹೊರಗಿನಿಂದಲೇ ಸುತ್ತು ಹಾಕಿ, ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆಗಳಲ್ಲಿ ಬಿರುಕು ಮೂಡಿದೆಯೇ, ತೊಲೆ ಸರಿದಿದೆಯೇ ಎಂದು ನೋಡಬೇಕು. ಸಂಶಯವಿದ್ದಲ್ಲಿ ತೊಲೆಗೆ ಆಸರೆಗಂಬ ಕೊಟ್ಟ ನಂತರವೇ ಒಳಗೆ ಕಾಲಿಡಬೇಕು.

ಎರಡನೆಯ ಅಪಾಯ ತಡವಾಗಿ ಬರುತ್ತದೆ. ಕೃಷ್ಣಾತೀರದ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಮೂಡಿಸುವ ಇದೇ ಮಣ್ಣು ಅಡಿಪಾಯದ ಕೆಳಗೂ ಇದೆ. ಆಗಸ್ಟಿನಲ್ಲಿ ಉಬ್ಬಿದ ನೆಲ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕುಗ್ಗುತ್ತದೆ. ನೆರೆಯಲ್ಲಿ ಗಟ್ಟಿಯಾಗಿಯೇ ಕಂಡ ಗೋಡೆ ಬೇಸಿಗೆಯಲ್ಲಿ ಬಿರಿಯುವುದು ಇದರಿಂದ. ಹಾನಿಯ ಲೆಕ್ಕವನ್ನು ನೆರೆ ಇಳಿದ ವಾರದಲ್ಲಿಯೇ ಮುಗಿಸುವ ಪದ್ಧತಿಗೆ ಈ ಬಿರುಕು ಕಾಣಿಸುವುದೇ ಇಲ್ಲ.

ಹೊಲದ ಸವಳು, ಗೋಡೆಯ ಸವಳು

ಗೋಡೆಯ ತೇವವನ್ನು ಈ ಭಾಗದ ಕಬ್ಬಿನ ರೈತರಿಗೆ ವಿವರಿಸುವುದು ಸುಲಭ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ನೀರಾವರಿ ಹೊಲಗಳಲ್ಲಿ ಸವಳು-ಜವಳಿನ ಸಮಸ್ಯೆ ಹಳೆಯದು. ನೀರು ಹೆಚ್ಚಾಗಿ ಅಂತರ್ಜಲದ ಮಟ್ಟ ಮೇಲೇರುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲಕ್ಕೆ ಹತ್ತಿ ಬಿಸಿಲಿಗೆ ಆವಿಯಾಗುತ್ತದೆ. ಅದು ಹೊತ್ತು ತಂದ ಉಪ್ಪು ಮಾತ್ರ ಮೇಲೆ ಬೆಳ್ಳಗೆ ಉಳಿಯುತ್ತದೆ. ಗೋಡೆಯಲ್ಲಿಯೂ ನಡೆಯುವುದು ಇದೇ ಕ್ರಿಯೆ. ಬುಡದ ತೇವ ರಂಧ್ರಗಳ ಮೂಲಕ ಎರಡು ಮೂರು ಅಡಿ ಮೇಲೇರಿ ಅಲ್ಲಿ ಆವಿಯಾಗುತ್ತದೆ. ಉಳಿದ ಉಪ್ಪು ಹರಳುಗಟ್ಟುತ್ತ ಗಿಲಾವನ್ನು ಒಳಗಿನಿಂದ ತಳ್ಳುತ್ತದೆ. ಸುಣ್ಣ ಪದರು ಪದರಾಗಿ ಉದುರುತ್ತದೆ, ಗೋಡೆ ಪುಡಿಪುಡಿಯಾಗುತ್ತದೆ.

ಇಲ್ಲಿಯೇ ಬಹುತೇಕ ಮನೆಗಳಲ್ಲಿ ಒಂದು ತಪ್ಪು ಹೆಜ್ಜೆ ಇಡಲಾಗುತ್ತದೆ. ಉದುರುವ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಎಣ್ಣೆಬಣ್ಣ ಬಳಿದರೆ ಅದು ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಣ್ಣು ಉಸಿರಾಡುವ ವಸ್ತು. ಸಿಮೆಂಟಿನ ಹೊದಿಕೆ ಆ ಉಸಿರನ್ನು ಕಟ್ಟುತ್ತದೆ. ಹೊರಹೋಗಲು ದಾರಿ ಸಿಗದ ತೇವ ಇನ್ನಷ್ಟು ಮೇಲಕ್ಕೆ ಏರುತ್ತದೆ; ಹೊರಗೆ ನುಣುಪಾಗಿ ಕಾಣುವ ಗೋಡೆಯ ಒಡಲು ಒಳಗೆ ಕೆಸರಾಗುತ್ತಿರುತ್ತದೆ. ಒಂದು ದಿನ ಗಿಲಾವು ಹಲಗೆಯಂತೆ ಕಳಚಿ ಬೀಳುತ್ತದೆ. ಕೆಲವೊಮ್ಮೆ ಗೋಡೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಹೊಲದ ಸವಳನ್ನು ಯಾವ ರೈತನೂ ಮೇಲೆ ಹೊದಿಕೆ ಹಾಸಿ ಮುಚ್ಚುವುದಿಲ್ಲ, ಬಸಿಗಾಲುವೆ ತೆಗೆದು ನೀರನ್ನು ಹೊರಗೆ ಹಾಕುತ್ತಾನೆ. ಗೋಡೆಯ ಸವಳಿಗೂ ಮದ್ದು ಬಸಿಗಾಲುವೆಯೇ.

ಬೂಷ್ಟು ಎಂಬ ಜೀವಿ

ಬೂಷ್ಟು ಕೊಳೆಯಲ್ಲ, ಅದೊಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವು ಮೊಳೆಯಲು ಬೇಕಾದದ್ದು ಎರಡೇ: ತೇವ ಮತ್ತು ಆಹಾರ. ಕಾಗದ, ಬಟ್ಟೆ, ಹತ್ತಿಯ ಗಾದಿ, ಮರ, ಚರ್ಮ, ಧಾನ್ಯ, ಗೋಡೆಗೆ ಸಾರಿಸಿದ ಸಗಣಿ ಎಲ್ಲವೂ ಅದಕ್ಕೆ ಆಹಾರವೇ. ಆಹಾರವನ್ನು ಮನೆಯಿಂದ ಹೊರಗಿಡಲಾಗದು. ಆದ್ದರಿಂದ ಮನುಷ್ಯನ ಕೈಯಲ್ಲಿರುವುದು ತೇವದ ನಿಯಂತ್ರಣವೊಂದೇ. ನೆನೆದ ವಸ್ತು ಒಣಗದೆ ಉಳಿದರೆ ಒಂದೆರಡು ದಿನಗಳಲ್ಲಿಯೇ ಬೂಷ್ಟು ಬೆಳೆಯತೊಡಗುತ್ತದೆ. ವಾರಗಟ್ಟಲೆ ನೀರಿನಲ್ಲಿ ನಿಂತ ಮನೆಗೆ ಅದು ಬರುವುದೇ ಇಲ್ಲ ಎನ್ನುವಂತಿಲ್ಲ; ಎಷ್ಟು ಬೇಗ ತಡೆಯಬಹುದು ಎಂಬುದಷ್ಟೇ ಪ್ರಶ್ನೆ.

ಕೃಷ್ಣೆ ಉಕ್ಕಿ ಹರಿದ 2005ರ ಆಗಸ್ಟಿನಲ್ಲಿಯೇ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಕತ್ರಿನಾ ಚಂಡಮಾರುತದಿಂದ ಮುಳುಗಿತು. ಎರಡು ತಿಂಗಳ ನಂತರ ನಡೆದ ಸಮೀಕ್ಷೆಯಲ್ಲಿ ಅಲ್ಲಿಯ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ಕಣ್ಣಿಗೆ ಕಾಣುವ ಬೂಷ್ಟು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಆಸ್ತಮಾ ಮೊದಲಾದವು ಹೆಚ್ಚು ಎಂದು ಸ್ಪಷ್ಟಪಡಿಸಿದೆ. ಮಕ್ಕಳು, ವೃದ್ಧರು, ಮೊದಲೇ ದಮ್ಮು ಇರುವವರು ಅದಕ್ಕೆ ಮೊದಲು ಗುರಿಯಾಗುತ್ತಾರೆ.

ಈ ಐದು ತಾಲ್ಲೂಕುಗಳಲ್ಲಿ ಮನೆಯೆಂದರೆ ವಾಸಸ್ಥಾನ ಮಾತ್ರವಲ್ಲ, ಕಸುಬಿನ ತಾಣವೂ ಹೌದು. ನಿಪ್ಪಾಣಿಯ ಕಡೆ ಮಹಿಳೆಯರು ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುತ್ತಾರೆ. ತಂಬಾಕು ಗಾಳಿಯ ತೇವವನ್ನು ಸೆಳೆದುಕೊಳ್ಳುವ ವಸ್ತು ಎಂಬುದನ್ನು ಅಲ್ಲಿಯ ವಖಾರುಗಳವರು ಚೆನ್ನಾಗಿ ಬಲ್ಲರು. ಅಥಣಿಯಲ್ಲಿ ಚರ್ಮದ ಕುಶಲಕರ್ಮಿಗಳು ಮನೆಗಳಲ್ಲಿಯೇ ಚಪ್ಪಲಿ ಹೊಲಿಯುತ್ತಾರೆ. ಇದೇ ಭಾಗದಲ್ಲಿಯೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ವರ್ಷ ನೆರೆಯೂ ಬಂದಿತು. ತೇವದ ಮನೆಯಲ್ಲಿ ಚರ್ಮಕ್ಕೆ ಬೂಷ್ಟು ಹಿಡಿದರೆ ಬಂಡವಾಳವೇ ಹೋದಂತೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕಾಳಿನ ವಿಷಯದಲ್ಲಿ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ಬರಗಾಲದ ನಾಡಿನ ಜಾಣತನವಾಗಿತ್ತು. ನೆರೆಯ ದಾರಿಯಲ್ಲಿ ಅದೇ ಹಗೇವು ಬಾವಿಯಾಗುತ್ತದೆ. ನೆನೆದ ಶೇಂಗಾ, ಗೋವಿನಜೋಳಗಳಲ್ಲಿ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಅದು ಯಕೃತ್ತಿಗೆ ಹಾನಿಕಾರಕ. ಕುದಿಸಿದರೂ ಹುರಿದರೂ ಸಂಪೂರ್ಣ ನಾಶವಾಗುವುದಿಲ್ಲ. ಮನುಷ್ಯರು ತಿನ್ನದ ಕಾಳನ್ನು ದನಕ್ಕೆ ಹಾಕುವ ರೂಢಿಯಿದೆ. ಆದರೆ ಎಮ್ಮೆ ತಿಂದ ವಿಷದ ಅಂಶ ಹಾಲಿನ ಮೂಲಕ ಮಗುವಿನ ಬಟ್ಟಲಿಗೆ ಮರಳುತ್ತದೆ. ಬೂಷ್ಟು ಹಿಡಿದ ಕಾಳನ್ನು ಮಣ್ಣಿನಲ್ಲಿ ಹೂಳುವುದೇ ಸರಿ. ನೆನೆಯದೆ ಉಳಿದ ಕಾಳನ್ನು ಮತ್ತೆ ಒಣಗಿಸಿ, ನೆಲದಿಂದ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು.

ಪಂಚನಾಮೆಗೆ ಕಾಯುವ ಮನೆ

2019ರ ನೆರೆಯ ನಂತರ ಸರಕಾರವು ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಪೂರ್ಣ ಹಾನಿಗೊಂಡ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಮನೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷಗಳು ನಿಂತಿರುತ್ತವೆ. ಆದ್ದರಿಂದ ಪಂಚನಾಮೆ ಆಗುವವರೆಗೆ ಏನನ್ನೂ ಮುಟ್ಟಬಾರದೆಂದು ಜನ ಕಾಯುವುದು ಸಹಜ. ಆದರೆ ಬೂಷ್ಟು ಕಾಯುವುದಿಲ್ಲ. ಹಸಿ ಗಾದಿ, ಕೆಸರು, ನೆನೆದ ಕಾಳು ಮನೆಯೊಳಗೆ ಉಳಿದಷ್ಟು ದಿನವೂ ಹಾನಿ ಹಬ್ಬುತ್ತದೆ.

ಈ ಇಕ್ಕಟ್ಟಿಗೆ ಒಂದು ಸರಳ ಉಪಾಯವಿದೆ. ನೀರು ನಿಂತ ಗುರುತನ್ನು ಒಳಗೂ ಹೊರಗೂ ಗೋಡೆಯ ಮೇಲೆ ಗೆರೆ ಎಳೆದು ದಿನಾಂಕ ಬರೆಯಬೇಕು. ಪ್ರತಿ ಕೋಣೆಯನ್ನೂ, ಪ್ರತಿ ಬಿರುಕನ್ನೂ, ಹಾಳಾದ ಪ್ರತಿ ವಸ್ತುವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ನೆರೆಮನೆಯವರ ಎದುರಿನಲ್ಲಿ ಹಾಳಾದ ವಸ್ತುಗಳ ಯಾದಿ ಮಾಡಿ ಇಬ್ಬರ ಸಹಿ ಪಡೆಯಬೇಕು. ಇಷ್ಟಾದ ಮೇಲೆ ಹಸಿ ವಸ್ತುಗಳನ್ನು ಹೊರಹಾಕಿ ಶುಚಿಗೊಳಿಸಲು ತೊಡಗಬೇಕು. ಕಾಲೇಜು ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಊರೂರಿನಲ್ಲಿ ಈ ದಾಖಲೆಯ ಕೆಲಸ ಮಾಡಿಕೊಟ್ಟರೆ ಅದು ಬಟ್ಟೆ-ಬಿಸ್ಕತ್ತು ಹಂಚುವುದಕ್ಕಿಂತ ದೊಡ್ಡ ಸೇವೆ. ಬೇಸಿಗೆಯ ಬಿರುಕುಗಳಿಗಾಗಿ ಎರಡನೆಯ ಪರಿಶೀಲನೆ ಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಒತ್ತಾಯಿಸುವುದೂ ನ್ಯಾಯವೇ.

ಒಣಗಿಸುವ ಕ್ರಮ

ಮೊದಲನೆಯದು ವಿದ್ಯುತ್ತು. ನೀರಿನಲ್ಲಿ ಮುಳುಗಿದ ಮೀಟರು, ಸ್ವಿಚ್ಚುಗಳನ್ನು ಬಲ್ಲವರು ಪರೀಕ್ಷಿಸುವವರೆಗೆ ಮುಟ್ಟಬಾರದು. ಎರಡನೆಯದು ಕೆಸರು. ಹೊಳೆಯ ಕೆಸರು ಹಸಿಯಾಗಿದ್ದಾಗಲೇ ತೆಗೆಯಬೇಕು. ಒಣಗಿದರೆ ಹೆಂಟೆಯಂತೆ ಗಟ್ಟಿಯಾಗುತ್ತದೆ. ಹಾವು, ಚೇಳುಗಳು ಆಶ್ರಯ ಪಡೆದಿರುತ್ತವೆಯಾದ್ದರಿಂದ ಬರಿಗೈಯಿಂದ ಸರಿಸಬಾರದು. ಮೂರನೆಯದು ಗಾಳಿ. ಬಾಗಿಲು ಕಿಟಕಿಗಳನ್ನು ಹಗಲೆಲ್ಲ ತೆರೆದಿಡಬೇಕು. ಪೆಟ್ಟಿಗೆ, ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಬೇಕು. ಗೋಡೆಯನ್ನು ಬೆಂಕಿ ಹಾಕಿ ಒಮ್ಮೆಲೇ ಒಣಗಿಸಲು ಹೋಗಬಾರದು. ಹೊರಪದರು ಬೇಗ ಕುಗ್ಗಿ ಬಿರಿಯುತ್ತದೆ. ನಾಲ್ಕನೆಯದು ಗಿಲಾವು. ನೀರಿನ ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೆ ಸಡಿಲಾದ ಗಿಲಾವನ್ನು ಕೆತ್ತಿ, ಗೋಡೆಯ ಮೈಯನ್ನು ಗಾಳಿಗೆ ಬಿಡಬೇಕು.

ಕಟ್ಟಿದ ಗೋಡೆ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡ ತಿಳಿದವರ ಸ್ಥೂಲ ಲೆಕ್ಕ. ಹದಿನೆಂಟು ಅಂಗುಲದ ಗೋಡೆ ಎರಡೂ ಬದಿಯಿಂದ ಒಣಗಿದರೂ ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ. ಆಗಸ್ಟಿನಲ್ಲಿ ನೆನೆದ ಗೋಡೆ ದಸರೆಯ ಹೊತ್ತಿಗೆ ಮೈಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ. ಹಬ್ಬಕ್ಕೆ ಮನೆ ಬೆಳಗಬೇಕೆಂಬ ಆಸೆ ಯಾರಿಗಿಲ್ಲ? ಅದಕ್ಕೆ ಸುಣ್ಣವಿದೆ. ಹೊಸದಾಗಿ ಅರಳಿಸಿದ ಸುಣ್ಣ ತೀವ್ರ ಕ್ಷಾರಗುಣದ್ದು. ಅದರ ಮೇಲೆ ಬೂಷ್ಟು ಸುಲಭವಾಗಿ ನೆಲೆಸದು. ಜೊತೆಗೆ ಅದು ಗೋಡೆಯ ಉಸಿರನ್ನೂ ಕಟ್ಟುವುದಿಲ್ಲ. ದಸರೆಗೆ ಸುಣ್ಣ ಬಳಿಯಬಹುದು. ಹೊಸ ಗಿಲಾವು, ಡಿಸ್ಟೆಂಪರು, ಬಣ್ಣಗಳೆಲ್ಲ ಯುಗಾದಿಯ ನಂತರಕ್ಕೆ ಇರಲಿ. ಗಿಲಾವು ಕೂಡ ಮಣ್ಣಿನ ಗೋಡೆಗೆ ಮಣ್ಣಿನದು ಅಥವಾ ಸುಣ್ಣ-ಮರಳಿನದು ಇರಬೇಕು.

ಬೂಷ್ಟು ತೆಗೆಯುವಾಗ ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯ ತುಂಬ ಹಾರುತ್ತವೆ. ಮೂಗು-ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಂಡು, ಮೊದಲು ನೀರು ಚಿಮುಕಿಸಿ, ಸಾಬೂನಿನ ನೀರಿನಿಂದ ಉಜ್ಜಬೇಕು. ಫರಸಿಕಲ್ಲು, ಪಾತ್ರೆ, ತಗಡುಗಳಂತಹ ಗಟ್ಟಿ ಮೈಗಳಿಗೆ ಬ್ಲೀಚಿಂಗ್ ದ್ರಾವಣ ಉಪಯುಕ್ತ. ಮಣ್ಣಿನ ಗೋಡೆಯ ಒಳಗೆ ಅದು ಇಳಿಯದು, ಅಲ್ಲಿ ಕೆರೆದು ತೆಗೆಯುವುದೇ ದಾರಿ. ಬ್ಲೀಚಿಂಗನ್ನು ಆಮ್ಲದೊಡನಾಗಲಿ, ಶೌಚಾಲಯ ತೊಳೆಯುವ ದ್ರವದೊಡನಾಗಲಿ ಎಂದಿಗೂ ಬೆರೆಸಬಾರದು; ವಿಷಾನಿಲ ಹೊರಡುತ್ತದೆ. ಕೌದಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿರುಬಿಸಿಲಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಹೊಳೆನೀರು ಕುಡಿದ ಹತ್ತಿಯ ಗಾದಿಯನ್ನು ಮಾತ್ರ ಉಳಿಸಿಕೊಳ್ಳುವ ಆಸೆ ಬೇಡ. ನೆನೆದ ಉತಾರ, ಗುಣಪಟ್ಟಿಗಳನ್ನು ಬಿಸಿಲಿಗೆ ಹಾಕದೆ, ನೆರಳಿನ ಗಾಳಿಯಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು.

ಮುಂದೆ ಕಟ್ಟುವ ಮನೆ

ಹೊಸದಾಗಿ ಕಟ್ಟುವವರು ಎರೆಮಣ್ಣನ್ನು ತೋಡಿ ತೆಗೆದು ಗರಸಿನ ಮೇಲೆ ಅಡಿಪಾಯ ನಿಲ್ಲಿಸಬೇಕು. ಊರಿನ ಹಿರಿಯರಿಗೆ ನೆನಪಿರುವ ನೆರೆಯ ಮಟ್ಟವನ್ನು ವಿಚಾರಿಸಿ, ಸಾಧ್ಯವಾದಷ್ಟು ಅದಕ್ಕಿಂತ ಎತ್ತರಕ್ಕೆ ಕಟ್ಟೆಯನ್ನು ಏರಿಸಬೇಕು. ಗೋಡೆಯ ಕೆಳಗಿನ ಮೂರು ಅಡಿಯನ್ನಾದರೂ ಸುಣ್ಣ ಅಥವಾ ಸಿಮೆಂಟಿನ ಗಾರೆಯಲ್ಲಿ ಕಲ್ಲಿನಿಂದ ಕಟ್ಟಿ, ಅದರ ಮೇಲೆ ತೇವ ತಡೆಯುವ ಪದರು ಹಾಕಿ, ನಂತರ ಮಣ್ಣಿನ ಇಟ್ಟಿಗೆಯನ್ನು ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಸ್ವಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ರೂಪಿಸಿತು. ಅದು ಹಸಿ ಇಟ್ಟಿಗೆಯಂತೆ ನೀರಿನಲ್ಲಿ ಕರಗುವುದಿಲ್ಲ. ಮನೆಯ ಸುತ್ತ ಮೂರು ಅಡಿ ಅಗಲದ, ಹೊರಕ್ಕೆ ಇಳಿಜಾರಾದ ನೆಲಗಟ್ಟು, ಅದರಾಚೆ ನೀರು ನಿಲ್ಲದ ಗಟಾರ ಇರಬೇಕು. ಬಚ್ಚಲಿನ ನೀರು ಗೋಡೆಯ ಬುಡಕ್ಕೆ ಹರಿಯುವ ಮನೆಗೆ ನೆರೆ ಬೇಕಾಗಿಯೇ ಇಲ್ಲ. ಅದು ವರ್ಷವಿಡೀ ನೆನೆಯುತ್ತಿರುತ್ತದೆ. ಅಸ್ಸಾಮಿನ ಮಿಸಿಂಗ್ ಜನ ಕಂಬಗಳ ಮೇಲೆ ಚಾಂಗ್ ಘರ್ ಎಂಬ ಮನೆ ಕಟ್ಟಿಕೊಂಡು ಬ್ರಹ್ಮಪುತ್ರೆಯೊಡನೆ ಬಾಳುತ್ತಾರೆ. ಅದನ್ನೇ ಇಲ್ಲಿ ತಂದಿಡಬೇಕೆಂದಲ್ಲ. ಆದರೆ ಕೋಣೆಯೊಂದರ ಗೋಡೆ-ತೊಲೆಗಳನ್ನು ಬಲಪಡಿಸಿ, ನೆರೆಯ ಮಟ್ಟಕ್ಕಿಂತ ಎತ್ತರದ ಅಟ್ಟವನ್ನು ಕಟ್ಟಿಕೊಂಡರೆ ಬೀಜ, ಕಾಗದಪತ್ರ, ಮಕ್ಕಳ ಪುಸ್ತಕಗಳಾದರೂ ಉಳಿಯುತ್ತವೆ.

ಊರನ್ನೇ ಎತ್ತರಕ್ಕೆ ಸ್ಥಳಾಂತರಿಸಬೇಕೆಂಬ ಮಾತು ಪ್ರತಿ ನೆರೆಯಲ್ಲಿಯೂ ಕೇಳಿಬರುತ್ತದೆ. ಕೆಲವು ಊರುಗಳಿಗೆ ಅದು ಅನಿವಾರ್ಯವಾಗಬಹುದು. ಆದರೆ ದನಕ್ಕೆ ಗೋದಲಿಯಿಲ್ಲದ, ಮೇವಿಗೆ ಹಿತ್ತಿಲಿಲ್ಲದ, ಹೊಲದಿಂದ ಹರದಾರಿ ದೂರದ ಮನೆಗೆ ರೈತ ಕುಟುಂಬ ಸುಲಭವಾಗಿ ಒಗ್ಗುವುದಿಲ್ಲ. ಮನೆಯ ನಕ್ಷೆ ಮಾಡುವವರು ಅಲ್ಲಿ ಬಾಳುವವರನ್ನು ಮೊದಲು ಕೇಳಬೇಕು.

ಇನ್ನು ಬೆಟ್ಟದವರ ಪಾಲಿನ ಮಾತು. ಮಹಾಮಳೆಯನ್ನು ಯಾವ ಕಾಡೂ ಪೂರ್ತಿಯಾಗಿ ತಡೆಹಿಡಿಯಲಾರದು; ಹಾಗೆಂದು ಹೇಳುವುದು ವಿಜ್ಞಾನವಾಗದು. ಆದರೆ ಎಲೆಮುಚ್ಚಿಗೆಯುಳ್ಳ ಕಾಡಿನ ನೆಲ ನೀರನ್ನು ಇಂಗಿಸಿ, ಸಾವಕಾಶವಾಗಿ ಕೆಳಗೆ ಬಿಡುತ್ತದೆ. ಬೋಳು ಇಳಿಜಾರು ಅದೇ ನೀರನ್ನು ಮಣ್ಣಿನ ಸಮೇತ ಒಮ್ಮೆಲೇ ದೂಡುತ್ತದೆ. ಹಾಗೆ ಹೊರಟ ಮಣ್ಣಿನ ಒಂದಂಶ ಯಡೂರಿನಲ್ಲೋ ಕುಡಚಿಯಲ್ಲೋ ಯಾರದೋ ಪಡಸಾಲೆಯಲ್ಲಿ ಕೆಸರಾಗಿ ಕೂರುತ್ತದೆ. ಗುಡ್ಡದ ಮೇಲೆ ರಸ್ತೆ ಕಡಿಯುವಾಗ, ಗಣಿ ತೋಡುವಾಗ, ಹಳ್ಳದ ದಾರಿಗೆ ಕಟ್ಟಡ ಎಬ್ಬಿಸುವಾಗ ಆ ಪಡಸಾಲೆಯ ಲೆಕ್ಕವೂ ಇರಬೇಕು. ಮಲೆನಾಡಿನಲ್ಲಿಯೂ ಈಗ ಹಂಚು ಹೋಗಿ ಸೂರಿಲ್ಲದ ಚಪ್ಪಟೆ ತಾರಸಿ ಬರುತ್ತಿದೆ. ಚಾಚುಸೂರು ಇಲ್ಲದ ಆ ಗೋಡೆಗಳು ಆಷಾಢ-ಶ್ರಾವಣಗಳಲ್ಲಿ ಹಸಿರುಗಟ್ಟುತ್ತಿವೆ. ತಲೆಮಾರುಗಳು ಕಲಿತ ಪಾಠವನ್ನು ಮರೆತರೆ ಬಯಲಿನವರ ಕಷ್ಟ ಬೆಟ್ಟಕ್ಕೂ ದೂರವಿಲ್ಲ.

ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಮನೆಯವರೂ ಒಂದು ಸಂಜೆ ಮನೆಯ ಸುತ್ತ ನಡೆದು, ನೀರು ಎಲ್ಲಿ ನಿಲ್ಲುತ್ತದೆ, ಗೋಡೆ ಎಲ್ಲಿ ಉದುರುತ್ತಿದೆ ಎಂಬುದನ್ನು ಗುರುತಿಸಲಿ. ಒಂದು ಸಲಿಕೆಯಿಂದ ತೋಡುವ ಗಟಾರಕ್ಕೆ ಹಣ ಬೇಕಾಗಿಲ್ಲ.